ಮಾರಿಕಣಿವೆಯಲ್ಲಿ ಪಾಲಮ್ಮನ ಕೂಗು

ಎತ್ತಪ್ಪ ತೀರಿಕೊಳ್ಳುವ ಹಿಂದಿನ ದಿನ ಗಂಡ ಹೆಂಡತಿ ಮಾರಿಕಣಿವೆ ನೋಡಲು ಹೋಗಿದ್ದರು. ಎಪ್ಪತ್ತೈದನೇ ಇಸವಿ, ಕಾರ್ತಿಕ ಮಾಸ. ಮದುವೆಯಾದಾಗಿನಿಂದ ಪಾಲಮ್ಮ ಕೇಳಿದ್ದು ಒಂದೇ: ಕುರಿ ಇಲ್ಲದ ಒಂದು ದಿನ. ಅಂತೂ ಕುರಿಗಳನ್ನು ಮೈದುನ ರಂಗಪ್ಪನಿಗೆ ಒಪ್ಪಿಸಿ, ರೊಟ್ಟಿ ಗಂಟು ಕಟ್ಟಿಕೊಂಡು ಇಬ್ಬರೂ ಐಮಂಗಲದಲ್ಲಿ ಬಸ್ಸು ಹತ್ತಿದರು.

"ಕುರಿಗೆ ನೀರು ತೋರ್ಸೋನು ಹೆಂಡ್ತಿಗೆ ನೀರು ತೋರ್ಸಾಕೆ ಹೊಂಟವ್ನೆ!" ಎಂದು ಹಟ್ಟಿಯ ಗಂಗಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದಳು.

"ಇವತ್ತು ಕುರಿ ಮಾತು ಎತ್ತಂಗಿಲ್ಲ," ಎಂದು ಪಾಲಮ್ಮ ಬಸ್ಸಿನಲ್ಲೇ ಕರಾರು ಮಾಡಿದಳು.

"ಎತ್ತಲ್ಲ ಬಿಡು," ಎಂದ ಎತ್ತಪ್ಪ.

ಕಣಿವೆ ತಲುಪಿ ಕಟ್ಟೆ ಹತ್ತಿದರು. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ. ಅದರ ಆಚೆ ಕಣ್ಣು ಹರಿಯುವವರೆಗೂ ನೀರು. ಎತ್ತಪ್ಪನ ಬಾಯಿ ತೆರೆದೇ ಉಳಿಯಿತು.

"ಲೇ ಪಾಲಿ, ಇಷ್ಟು ನೀರಿಗೆ ಎಷ್ಟು ಕು..." ಎಂದವನು ನಾಲಿಗೆ ಕಚ್ಚಿಕೊಂಡ.

ಪಾಲಮ್ಮ ನಕ್ಕು ನಕ್ಕು ಕಟ್ಟೆಯ ಮೇಲೇ ಕುಳಿತುಬಿಟ್ಟಳು.

ಕೆಳಗಿಳಿದು ತೋಟದ ಹುಲ್ಲಿನ ಮೇಲೆ ಕುಳಿತಾಗ ಮಾಲಿ ಬಂದು ಗದರಿದ. "ಹುಲ್ಲು ತುಳೀಬ್ಯಾಡ್ರಿ, ಎದ್ದೇಳ್ರಿ!"

"ತುಳೀಬಾರ್ದು, ಮೇಯಿಸ್ಬಾರ್ದು. ಮತ್ಯಾಕಪ್ಪ ಬೆಳ್ಸೀರಿ?" ಎಂದ ಎತ್ತಪ್ಪ. ಮಾಲಿ ಗೊಣಗುತ್ತ ಹೋದ. ಪಾಲಮ್ಮನಿಗೆ ಮತ್ತೆ ನಗು.

ಊಟವಾದ ಮೇಲೆ ಎತ್ತಪ್ಪ, "ಮುಖ ತೊಳ್ಕಂಡು ಬರ್ತೀನಿ, ಇಲ್ಲೇ ಕುಂತಿರು," ಎಂದು ನೀರಿನ ಕಡೆ ಹೋದ. ಹೋದವನು ಬರಲಿಲ್ಲ. ಕಡಲೆಕಾಯಿ ಪೊಟ್ಟಣ ಖಾಲಿಯಾಯಿತು. ಬಿಸಿಲು ಇಳಿಯಿತು. ಹಿರಿಯೂರಿಗೆ ಹೋಗುವ ಕೊನೆಯ ಬಸ್ಸು ಹಾರನ್ನು ಹೊಡೆಯಿತು. ಪಾಲಮ್ಮ ದಡಕ್ಕನೆ ಎದ್ದಳು. ಅವನಿಗೆ ಈಜು ಬಾರದು. ಅಂಚಿನವರೆಗೂ ಓಡಿ ನೋಡಿದಳು. ನೀರಿತ್ತು, ಅವನಿರಲಿಲ್ಲ.

ಗೇಟಿನ ಬಳಿ ಒಬ್ಬ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಲಾಟರಿ ಮಾರುತ್ತಿದ್ದ. ಪಾಲಮ್ಮ ಅವನ ಮುಂದೆ ನಿಂತು ಏದುಸಿರು ಬಿಟ್ಟಳು.

"ಅಣ್ಣಾ, ನಮ್ಮೆಜಮಾನ್ರು ಕಾಣ್ತಿಲ್ಲ. ಕೂಗಪ್ಪ."

"ಹೆಸ್ರು ಹೇಳಮ್ಮ."

ಅವರ ಹಟ್ಟಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಆಯಸ್ಸು ಕಮ್ಮಿಯಾಗುತ್ತದಂತೆ. ನೀರಿನ ಪಕ್ಕದಲ್ಲಿ ನಿಂತು ಹೇಳುವುದು ಹೇಗೆ?

"ಹೇಳಂಗಿಲ್ಲ," ಎಂದಳು.

"ಹೆಸ್ರೇ ಇಲ್ವಾ ಆವಯ್ಯಂಗೆ?"

"ಐತೆ. ನನ್ನ ಬಾಯಾಗೆ ಬರಂಗಿಲ್ಲ. ಹೆಗಲ ಮ್ಯಾಲೆ ಕರೀ ಕಂಬ್ಳಿ ಐತೆ, ಅಷ್ಟೇ ಹೇಳು."

"ಕರಿ ಕಂಬಳಿಯ ಯಜಮಾನರು ಕೂಡಲೇ ಗೇಟಿಗೆ ಬರಬೇಕು!" ಎಂದು ಅವನು ಮೈಕಿನಲ್ಲಿ ಕೂಗಿದ. ಒಬ್ಬ ಬಂದ. ಇನ್ನೊಬ್ಬ ಬಂದ. ಮತ್ತೊಬ್ಬ ಹಲ್ಲಿಲ್ಲದ ಮುದುಕ ಓಡುತ್ತ ಬಂದು, "ನಂಗೆ ಎಷ್ಟು ಬಂತಪ್ಪ ಲಾಟ್ರಿ?" ಎಂದ.

ಬಸ್ಸು ಮತ್ತೊಮ್ಮೆ ಹಾರನ್ನು ಹೊಡೆಯಿತು. ಪಾಲಮ್ಮ ಮೈಕು ಕಿತ್ತುಕೊಂಡಳು. ಹಟ್ಟಿಯಲ್ಲಿ ಒಂದೊಂದು ಮನೆಯ ಕುರಿಗೆ ಒಂದೊಂದು ಕೂಗು. ತಮ್ಮ ಮನೆಯ ಕೂಗನ್ನು ಉಸಿರು ತುಂಬಿಕೊಂಡು ಎತ್ತಿದಳು.

"ಡುರ್ರ್ರ್... ಹಾಯ್ ಹಾಯ್ ಹೋಓಓ!"

ಕೂಗು ಆ ಗುಡ್ಡಕ್ಕೆ ಬಡಿದು ಈ ಗುಡ್ಡಕ್ಕೆ ಬಂತು. ತೋಟದ ಜನವೆಲ್ಲ ಎದ್ದು ನಿಂತಿತು. ಅಷ್ಟರಲ್ಲಿ ಗುಡ್ಡದ ಇಳಿಜಾರಿನಲ್ಲಿ ಧೂಳು ಎದ್ದಿತು. ಮುಂದೆ ಎತ್ತಪ್ಪ, ಕಂಬಳಿ ಹಾರಿಸಿಕೊಂಡು ಓಡಿ ಬರುತ್ತಿದ್ದ. ಅವನ ಹಿಂದೆ ಯಾರದೋ ಕುರಿ ಮಂದೆ. ಅದರ ಹಿಂದೆ ಆ ಕುರಿಗಳ ಒಡೆಯ, ಬೈದುಕೊಂಡು. ಮಂದೆ ನೇರ ತೋಟಕ್ಕೆ ನುಗ್ಗಿತು. ಮಾಲಿ ಟವೆಲು ಬೀಸುತ್ತ, "ಅಯ್ಯೋ ನನ್ ಹುಲ್ಲು!" ಎಂದು ಕುಣಿದ.

"ಯಾರಿಗೇನಾತೇ? ನಮ್ಮನೆ ಕೂಗು ಆಕಾಶದಾಗಿಂದ ಬಂತು!" ಎಂದ ಎತ್ತಪ್ಪ.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಅಲ್ಲೊಬ್ಬ ಕುರಿ ಮೇಯಿಸ್ತಿದ್ದ. ಒಂದು ಟಗರಿನ ಹಲ್ಲು ನೋಡ್ತಾ ನಿಂತ್ಕಂಡೆ ಕಣೇ."

ಪಾಲಮ್ಮ ಅವನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು. ಗುದ್ದುತ್ತ ನಕ್ಕಳು, ಅತ್ತಳು. ಇಬ್ಬರೂ ಓಡಿ ಬಸ್ಸು ಹಿಡಿದರು. ಹಿರಿಯೂರು ಮುಟ್ಟುವವರೆಗೂ ಬಸ್ಸಿನವರೆಲ್ಲ ಡುರ್ರ್ ಡುರ್ರ್ ಎನ್ನುತ್ತಲೇ ಇದ್ದರು. ಕಂಡಕ್ಟರ್ ಸೀಟಿ ಊದುವ ಬದಲು ಅದನ್ನೇ ಕೂಗಿ ಬಸ್ಸು ಬಿಡಿಸಿದ.

"ಹೆಸ್ರು ಹೇಳಿದ್ರೆ ಮುಗೀತಿತ್ತಲ್ಲೇ," ಎಂದ ಎತ್ತಪ್ಪ.

"ನೀವು ನೂರು ವರ್ಷ ಇರ್ಬೇಕಲ್ಲ," ಎಂದಳು ಪಾಲಮ್ಮ.

ಮರುದಿನ ಕುರಿ ಹೊಡೆದುಕೊಂಡು ಹೋದವನು ಮಧ್ಯಾಹ್ನ ಜಾಲಿ ಮರದ ನೆರಳಲ್ಲಿ ಮಲಗಿದ. ಏಳಲಿಲ್ಲ. ಎದೆ ನಿಂತಿದೆ ಎಂದರು. ಪಾಲಮ್ಮ ಹೋಗಿ ಕೂಗಿದಳು. ಕುರಿಗಳೆಲ್ಲ ಬಂದವು.

ಆಮೇಲೆ ಅವಳು ಕೂಗಿಲ್ಲ. ಈಗ ಬೆಳಿಗ್ಗೆ ಕುರಿ ಕೂಡಿದ ರೊಪ್ಪದ ಬಾಗಿಲು ತೆಗೆದು ಕೂಗು ಹಾಕುವುದು ರಂಗಪ್ಪ. ಕುರಿಗಳು ಹೋದ ಮೇಲೆ ಅವಳು ರೊಪ್ಪದೊಳಗೆ ಹೋಗುತ್ತಾಳೆ. ನೆಲ ಗುಡಿಸಿ, ಹಿಕ್ಕೆ ಬಳಿದು ಬುಟ್ಟಿಗೆ ತುಂಬಿ, ತಿಪ್ಪೆಗೆ ಹೊತ್ತು ಹಾಕುತ್ತಾಳೆ.