ಇಂಜಿನ್ನಿಗೆ ಇಟ್ಟ ಎಲೆ ಅಡಿಕೆ

ಹೊಸ ಗಾಡಿಗೆ ಪೂಜೆ ಇದೆ, ಬನ್ನಿ ಎಂದು ಯಾರಾದರೂ ಕರೆದರೆ ಈಗಲೂ ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಆ ದಿನ ಬೆಂಗೇರಿಯ ನಮ್ಮ ಶೆಡ್ಡಿನಲ್ಲಿ ನೆರೆದಿದ್ದ ಮಂದಿಯನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಗಂಡ ಒಂದು ರೇಸ್ ಕಾರು ಕಟ್ಟಿದ್ದರು. ಅಂಥದ್ದು ಲೋಕದಲ್ಲಿ ಅದೊಂದೇ. ಪೈಪುಗಳನ್ನು ತಾವೇ ವೆಲ್ಡ್ ಮಾಡಿದರು. ಅಲ್ಯೂಮಿನಿಯಂ ತಗಡನ್ನು ನಾನು ಹಿಡಿದುಕೊಂಡೆ, ಅವರು ಬಡಿದು ಬಾಗಿಸಿದರು. ಇಂಜಿನ್ ಮಾತ್ರ ಗುಜರಿಗೆ ಬಂದಿದ್ದ ದೊಡ್ಡ ಬೈಕಿನದು. ಪೂಜೆಯಾದ ಮುಂದಿನ ಭಾನುವಾರ ಕೊಯಮತ್ತೂರಿನಲ್ಲಿ ರೇಸು ಇತ್ತು. ತಾನು ಕಟ್ಟಿದ್ದನ್ನು ತಾನೇ ಒಮ್ಮೆ ಓಡಿಸಬೇಕು, ಆ ಮನುಷ್ಯನಿಗೆ ಬೇರೆ ಆಸೆಯೇ ಇರಲಿಲ್ಲ.

ಗಂಡನ ಚಿಕ್ಕಪ್ಪ, ನಮ್ಮ ಕಾಕಾ, ಅಲ್ಲಿಯತನಕ ಶೆಡ್ಡಿನ ಕಡೆ ತಲೆ ಹಾಕಿದವರಲ್ಲ. "ತಗಡ ಬಡ್ಯೂದು ಬಿಟ್ಟು ಅಂಗಡ್ಯಾಗ ಕುಂದ್ರೋ" ಎಂದು ಮೂದಲಿಸುತ್ತಿದ್ದರು. ಪೇಪರಿನಲ್ಲಿ ಫೋಟೋ ಬರುತ್ತದೆಂದು ಗೊತ್ತಾದದ್ದೇ ತಡ, ಪೂಜೆಗೆ ತಾವೇ ಯಜಮಾನರಾದರು. ಓಣಿಯ ಪುಢಾರಿಯೊಬ್ಬನನ್ನೂ ಜೊತೆಗೆ ಕರೆತಂದರು.

ಇಂಜಿನ್ನಿನ ಮೇಲೆ ಗಾಳಿ ಎಳೆಯುವ ನಾಲ್ಕು ಕೊಳವೆಗಳು ಬಾಯಿ ತೆರೆದು ನಿಂತಿದ್ದವು. ಕಸ ಬೀಳದಿರಲೆಂದು ನಾನೇ ಬಟ್ಟೆ ಮುಚ್ಚಿದ್ದೆ. "ಪೂಜಿಗೆ ಇಂಥಾ ಹೊಲಸ ಅರಬಿ ಏನವಾ?" ಎಂದು ಕಾಕಾ ಅದನ್ನು ಕಿತ್ತೆಸೆದರು. ಸಾಲಾಗಿ ನಿಂತ ಆ ದುಂಡು ಬಾಯಿಗಳು ಅವರಿಗೆ ಕಲಶದ ಹಾಗೆ ಕಂಡಿರಬೇಕು. ಒಂದೊಂದರ ಮೇಲೂ ವೀಳ್ಯದೆಲೆ ಹಾಸಿ, ಎಲೆಯ ಮೇಲೆ ಇಡೀ ಅಡಿಕೆ ಇಟ್ಟರು.

"ಕಾಕಾರೀ, ಅಡಕಿ ಒಳಗ ಬಿದ್ರ ಇಂಜಿನ್ ಹೋಗ್ತೈತ್ರಿ" ಎಂದು ಕೈ ಚಾಚಿದೆ.

"ಆರತಿ ಆಗೂತನಾ ಮುಟ್ಟಬ್ಯಾಡ. ಹೆಣ್ಮಕ್ಕಳಿಗೆ ಇದೇನ ತಿಳೀತೈತಿ?"

ಗಂಡನ ಮುಖ ನೋಡಿದೆ. ಅಡಿಕೆ ಒಳಗೆ ಹೋದರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ಇರ್ಲಿ ಬಿಡ, ಹಿರ್ಯಾರು. ಆಮ್ಯಾಲೆ ತಗದ್ರಾತು" ಎಂದು ಗೊಣಗಿದರು.

ಆ 'ಆಮ್ಯಾಲೆ' ಎಲ್ಲಿಂದ ಬರಬೇಕು! ಆರತಿ ಮುಗಿಯುತ್ತಲೇ ಪುಢಾರಿ ಫೋಟೋಕ್ಕೆಂದು ಸೀಟಿನಲ್ಲಿ ಕುಕ್ಕರಿಸಿ, ಕಣ್ಣಿಗೆ ಬಿದ್ದ ಗುಂಡಿ ಒತ್ತಿ, ಆಕ್ಸಿಲರೇಟರ್ ತುಳಿದೇಬಿಟ್ಟ. ಎಲೆ, ಅಡಿಕೆ ಎಲ್ಲ ಒಳಗೆ ಹೋಯಿತು. ಇಂಜಿನ್ ಕಿರ್ರೆಂದು ಕಿರುಚಿ, ಕಟಕಟ ಬಡಿದು ನಿಂತುಹೋಯಿತು. ರೇಸ್ ಕಾರಿನ ಸದ್ದೇ ಹೀಗೆ ಅಂದುಕೊಂಡು ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಥೂ! ಪುಢಾರಿ ಕೈ ಮುಗಿಯುತ್ತ ಇಳಿದ.

ಗಂಡ ಮೊಣಕಾಲೂರಿ ಇಂಜಿನ್ ತಿರುಗಿಸಿ ನೋಡಿದರು. ಅಲುಗಲಿಲ್ಲ. ಅಡಿಕೆ ಸಿಕ್ಕಿ ಒಳಗಿನ ವಾಲ್ವುಗಳು ಬಾಗಿದ್ದವು, ಭಾನುವಾರದೊಳಗೆ ಬೇರೆ ಸಿಗುವಂಥವಲ್ಲ. ಅವರು ಅಲ್ಲೇ ತಲೆ ತಗ್ಗಿಸಿ ಕುಳಿತುಬಿಟ್ಟರು.

ಕಾಕಾ ಪೇಡೆ ಹಂಚುತ್ತ ಬಂದರು. "ಏನೋ ಗಂಡಾಂತರ ಇತ್ತಪಾ, ದೇವ್ರು ಇಲ್ಲೇ ತಡದಾನ. ಪೂಜಿ ಮಾಡಿದ್ದಕ್ಕ ನೀ ಉಳದಿ. ಖರೇ ಹೌದಿಲ್ಲೋ?"

ನಾನು ಗಂಡನನ್ನೇ ನೋಡುತ್ತ ನಿಂತೆ. ಈಗಲಾದರೂ ಬೈಯಲಿ, ಅಳಲಿ, ಆ ಪೇಡೆಯನ್ನು ಮುಖದ ಮೇಲೆ ಎಸೆಯಲಿ.

ನನ್ನ ಗಂಡ ಎದ್ದು, ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾಕಾನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. "ಹೌದ್ರಿ ಕಾಕಾ, ಎಲ್ಲಾ ನಿಮ್ಮ ಆಶೀರ್ವಾದ" ಎಂದರು.