ಬಚ್ಚಿಟ್ಟ ಆರು ಮಾತ್ರೆ

ಗೆಳೆಯರೇ, ಸಕ್ಕರೆ ಕಾಯಿಲೆಗೆ ಹೊಸ ಮದ್ದು ಕಂಡುಹಿಡಿದವನು ನಾನೇ. ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಬರೀ ಬರ್ಕೊಂಡರು, ಅಷ್ಟೆ.

ಆ ಮದ್ದಿನ ಪರೀಕ್ಷೆಗೆ ಎರಡು ವರ್ಷ ಮಾತ್ರೆ ನುಂಗಿದ್ದೀನಿ. ಅದನ್ನೆಲ್ಲ ನೋಡಿಕೊಳ್ಳೋ ಕೋಆರ್ಡಿನೇಟರ್ ನಗೀನಾ ಪ್ರತಿ ಸೋಮವಾರ ಫೋನ್ ಮಾಡಿ, "ಊಟ ಆಯ್ತಾ ಅಂಕಲ್? ಮಾತ್ರೆ ತಗೊಂಡ್ರಾ?" ಅನ್ನೋಳು. ನನ್ನವಳು ಹೋದ ಮೇಲೆ ಹಾಗೆ ಕೇಳ್ತಿದ್ದವಳು ಅವಳೊಬ್ಬಳೇ.

ಹೋದ ತಿಂಗಳು ಪರೀಕ್ಷೆ ಮುಗೀತು. ಉಳಿದ ಮಾತ್ರೆ ಎಣಿಸಿ ವಾಪಸ್ ಕೊಡಬೇಕಿತ್ತು. ಕಳೆದೋಯ್ತು ಅಂತ ಸುಳ್ಳು ಹೇಳಿ ಆರು ಬಚ್ಚಿಟ್ಟೆ. ಲೆಕ್ಕ ಸೇರದಿದ್ರೆ ಫೋನ್ ಬಂದೇ ಬರುತ್ತೆ ಅಂದ್ಕೊಂಡೆ. ನಾಲ್ಕು ಸೋಮವಾರ ಕಾದರೂ ಬರಲಿಲ್ಲ. ಇವತ್ತು ನಮ್ಮೂರು ನಂದಗುಡಿಯಲ್ಲಿ ಬಸ್ ಹತ್ತಿ ನಾನೇ ಕಾಲೇಜಿಗೆ, ನಗೀನಾ ಹತ್ರ ಹೋದೆ.

"ಆರು ಕಮ್ಮಿ ಅಂತ ಅವತ್ತೇ ಬರೆದು ಫೈಲ್ ಮುಚ್ಚಿದ್ದೀನಿ ಅಂಕಲ್. ಈಗ ಮಂಡಿ ನೋವಿನ ಮದ್ದಿನ ಪರೀಕ್ಷೆ ನಡೀತಿದೆ."

"ನಂಗೂ ಮಂಡಿ ನೋವು ಕಣಮ್ಮಾ!"

"ಮೆಟ್ಟಿಲು ಓಡ್ಕೊಂಡು ಹತ್ತಿದ್ದು ನೋಡ್ದೆ," ಅಂತ ನಕ್ಕು, ಫೋನೆತ್ತಿ ಯಾರಿಗೋ "ಊಟ ಆಯ್ತಾ ಅಜ್ಜಿ?" ಅಂದಳು.

ಬಾಯಿ ತಡೀಲಿಲ್ಲ, "ಆಯ್ತು ಕಣಮ್ಮಾ" ಅಂದ್ಬಿಟ್ಟೆ.

ಮೊದಲೆಲ್ಲ ಬಸ್ ಚಾರ್ಜು ಅವರೇ ಕೊಡೋರು. ಇವತ್ತೂ ಕೊಟ್ಟರು ಅಂತ ಊರಲ್ಲಿ ಹೇಳಿದ್ದೀನಿ. ನಿಮ್ಮ ಹತ್ರ ಯಾಕೆ ಸುಳ್ಳು, ಬೇರೆಯವರನ್ನ ಕೇಳಿದ 'ಊಟ ಆಯ್ತಾ'ಗೆ ಉತ್ತರ ಕೊಟ್ಟು ಬರೋಕೆ ನನ್ನ ಜೇಬಿಂದ ಹೋಗಿದ್ದು ನೂರ ನಲವತ್ತು ರೂಪಾಯಿ.