ಸಾದಾ ಪೆಟ್ರೋಲಿನ ಸದ್ದು

ಯಾವ ಕಾರಿಗೆ ಯಾವ ಪೆಟ್ರೋಲು ಹಾಕಬೇಕೆಂದು ನನಗೆ ಹೇಳಿಕೊಡಲು ಬಂದವರನ್ನೆಲ್ಲ ಬೈದು ಕಳಿಸಿದ ಮನುಷ್ಯ ನಾನು. ಅರವತ್ತರ ದಶಕದ ಮಾತು. ಬಂಗಾರಪೇಟೆ ಸ್ಟೇಷನ್ನಿಗೂ ರಾಬರ್ಟ್‌ಸನ್‌ಪೇಟೆಗೂ ನಡುವೆ ಬಾಡಿಗೆ ಕಾರು ಓಡಿಸುತ್ತಿದ್ದೆ. ನಮ್ಮ ಬಂಕಿನಲ್ಲಿ ಆಗ ಎರಡು ತರದ ಪೆಟ್ರೋಲು: ಒಂದು ಸಾದಾ, ಇನ್ನೊಂದು ಆಕ್ಟೇನ್ ಹೆಚ್ಚಿರುವುದು, ಹೊಸ ಬಿಗಿ ಎಂಜಿನ್ನುಗಳಿಗೆಂದು ಬಂದ ದುಬಾರಿ ಮಾಲು. ಹಳೇ ಕಾರಿಗೆ ಎರಡನೆಯದನ್ನು ಹಾಕಿಸುವವರನ್ನು ಕಂಡರೆ ನನಗೆ ನಗು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅವರ ಎದುರೇ ಅನ್ನುತ್ತಿದ್ದೆ. ನನ್ನ ಕಾರು ಅಷ್ಟು ವರ್ಷ ಸಾದಾ ಕುಡಿದೇ ಓಡಿದ್ದು. ಆ ಮಟ್ಟಿಗೆ ನನ್ನ ಮಾತು ಸುಳ್ಳೂ ಅಲ್ಲ.

ಒಂದು ವರ್ಷ ಎಂಜಿನ್ನಿನ ಹೆಡ್ಡು, ಅಂದರೆ ಮೇಲಿನ ಮುಚ್ಚಳ, ಕಾವಿಗೆ ಸೊಟ್ಟಗಾಯಿತು. ಬಂಕಿನ ಪಕ್ಕದ ತಮಿಳು ಮೆಕ್ಯಾನಿಕ್ ಅದನ್ನು ತೇಯಿಸಿ, ಮಟ್ಟ ಮಾಡಿ ಕೂರಿಸಿದ. "ಅಣ್ಣೇ, ತೇಯ್ಸಿದ್ಮೇಲೆ ಒಳಗೆ ಜಾಗ ಕಮ್ಮಿ, ಒತ್ತಡ ಜಾಸ್ತಿ. ಸಾದಾ ಹಾಕಿದ್ರೆ ಏರಲ್ಲಿ ಎಂಜಿನ್ನು ಬಡಿಯುತ್ತೆ. ಇನ್ಮೇಲೆ ಆಕ್ಟೇನ್ ಜಾಸ್ತಿ ಇರೋದೇ ಹಾಕ್ಸು" ಎಂದ. ನನ್ನ ಕಾರು ನನಗೆ ಗೊತ್ತು, ನಿನ್ನ ಕೆಲಸ ನೋಡಿಕೋ ಎಂದೆ. ಮೊದಲ ಏರಿನಲ್ಲೇ ಬಾನೆಟ್ಟಿನೊಳಗೆ ಸುತ್ತಿಗೆಯಿಂದ ಕಲ್ಲು ಕುಟ್ಟಿದ ಹಾಗೆ ಟಕಟಕ ಕೇಳಿತು. ಅವನು ಹೇಳಿದ್ದೇ ಸರಿ ಎಂದು ಅವತ್ತೇ ಗೊತ್ತಾಯಿತು. ಆದರೆ ಒಪ್ಪಿಕೊಳ್ಳಬೇಕಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಾದಾ ಹಾಕಿಸುತ್ತಲೇ ಹೋದೆ.

ಊರಿಗಾಂ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳಿಗೆ ಲೈನು ಎನ್ನುತ್ತಾರೆ; ಅಂಥ ಒಂದು ಲೈನಿನಲ್ಲಿ ನನ್ನ ಅಕ್ಕನ ಮನೆ. ಭಾವ ಗಣಿಯೊಳಗೆ ಇಳಿಯುವ ಕೆಲಸದವರು. ಅಲ್ಲಿ ಬಂಡೆ ಸಿಡಿಯುವ ಮುಂಚೆ ಒಮ್ಮೊಮ್ಮೆ ಟಕಟಕ ಬಡಿಯುತ್ತದೆ. ಬಂಡೆ ಮಾತಾಡುವುದು ಎಂದು ಅದಕ್ಕೆ ಹೆಸರು. ಕೇಳಿದವನು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಬೇಕು. ಆ ಬೇಸಿಗೆಯಲ್ಲಿ ಭಾವ ಕೇಳಿಸಿಕೊಂಡರು, ಓಡಿದರು. ಜೊತೆಗಾರ ಹಿಂದೆಯೇ ಬರುತ್ತಿದ್ದಾನೆ ಎಂದುಕೊಂಡರು. ಅವನು ಬಂದಿರಲಿಲ್ಲ.

ಅಲ್ಲಿಂದಾಚೆಗೆ ಭಾವ ಯಾರಾದರೂ ಬಾಗಿಲು ತಟ್ಟಿದರೆ ಮಂಚದಿಂದ ನೆಗೆಯುವರು. ಅಕ್ಕ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುವುದನ್ನೇ ಬಿಟ್ಟಳು. ಕೆಳಗೆಲ್ಲೋ ಬಂಡೆ ಸಿಡಿದರೆ ಆ ಲೈನುಗಳಲ್ಲಿ ಗೂಡಿನ ಪಾತ್ರೆಗಳು ನಡುಗುತ್ತಿದ್ದವು. ಅಂಥ ಮನೆಯಲ್ಲಿ ಅವರು ನಿದ್ದೆ ಮಾಡುವುದಾದರೂ ಹೇಗೆ? ಬೂದಿಕೋಟೆ ಹತ್ತಿರದ ನಮ್ಮ ಅಮ್ಮನ ಮನೆಗೆ ಕರೆದೊಯ್ಯೋಣ, ಅಲ್ಲಿ ನೆಲದ ಕೆಳಗೆ ಗಣಿಯಿಲ್ಲ, ಅಲ್ಲಾದರೂ ಮನುಷ್ಯರಾಗಿ ಉಳಿಯುತ್ತಾರೆ ಎಂದು ಅಕ್ಕ ಹಟ ಹಿಡಿದಳು. ಅವಳಿಗೆ ಬೇರೆ ದಾರಿ ಇರಲಿಲ್ಲ.

"ಬಸ್ಸಾದ್ರೆ ಗಡಗಡ ಅಂತೈತೆ. ನಿನ್ ಕಾರು ಸದ್ದು ಮಾಡಲ್ಲ ತಾನೇ ತಮ್ಮಾ?" ಎಂದು ಕೇಳಿದಳು.

"ಸುಮ್ನಿರಕ್ಕ, ಬೆಣ್ಣೇಲಿ ಕೂದ್ಲು ತೆಗ್ದಂಗೆ ಓಗ್ತೈತೆ" ಎಂದೆ.

ಮಾರನೆಯ ಬೆಳಿಗ್ಗೆ ಬಂಕಿಗೆ ಹೋದೆ. ಯಾವುದು ಹಾಕಲಿ ಎಂದು ಬಂಕಿನವನು ಕೇಳಿದ. ಒಳ್ಳೇದು ಹಾಕು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಮೆಕ್ಯಾನಿಕ್ ಅಂಗಡಿಯಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ನನ್ನನ್ನೇ ನೋಡುತ್ತ ನಿಂತ. ಸಾದಾ ಎಂದೆ. ಆ ಒಂದು ಮಾತಿಗೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬಂಗಾರಪೇಟೆ ದಾಟುವ ತನಕ ಸದ್ದಿಲ್ಲ. ಭಾವ ನನ್ನ ಪಕ್ಕದಲ್ಲೇ ಕೂತಿದ್ದರು. ರಾಗಿ ಹೊಲ ನೋಡಿ, "ತೆನೆ ಚೆನ್ನಾಗ್ ಕಟ್ಟೈತೆ" ಎಂದರು. ಎಷ್ಟೋ ತಿಂಗಳ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು. ಹಿಂದಿನ ಸೀಟಿನಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಸಂತೋಷವೇ. ಆದರೆ ಮುಂದೆ ಏರು ಕಾಣಿಸುತ್ತಿತ್ತು.

ಗೇರು ಇಳಿಸಿ ನಿಧಾನವಾಗಿ ಹತ್ತಿದ್ದರೂ ಆಗುತ್ತಿತ್ತು. ಬೇಗ ದಾಟಿಬಿಡೋಣ ಎಂದು ಆಕ್ಸಿಲರೇಟರ್ ಒತ್ತಿದೆ. ಟಕ್ ಎಂದಿತು. ಆಮೇಲೆ ಟಕಟಕಟಕ, ಕಾರು ತೆವಳತೊಡಗಿತು. ಭಾವ ಕಿವಿಗೊಟ್ಟರು. ಮುಖ ಬಿಳುಚಿಕೊಂಡಿತು. "ಮಾತಾಡ್ತಾ ಐತೆ" ಎಂದರು, ಬಹಳ ಮೆಲ್ಲಗೆ. ಏನೂ ಇಲ್ಲ ಭಾವ ಎನ್ನುವಷ್ಟರಲ್ಲಿ ತಮ್ಮ ಕಡೆಯ ಬಾಗಿಲು ತೆಗೆದು, ನನ್ನ ಸೊಂಟಕ್ಕೆ ಕೈ ಹಾಕಿ ಉದ್ದ ಸೀಟಿನ ಮೇಲೆ ಎಳೆದುಕೊಂಡು ನೆಗೆದೇಬಿಟ್ಟರು. ಇಬ್ಬರೂ ರಸ್ತೆ ಪಕ್ಕದ ಜಲ್ಲಿಯ ಮೇಲೆ ಬಿದ್ದೆವು. ಗೇರಿನಲ್ಲೇ ಇದ್ದ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ದೇವರ ದಯೆ, ಅಕ್ಕನಿಗೆ ಏನೂ ಆಗಲಿಲ್ಲ.

ಭಾವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ನನ್ನನ್ನು ಹಿಡಿದ ಕೈ ಮಾತ್ರ ಬಿಡಲೊಲ್ಲರು. "ಈ ಸಲ ಬಿಟ್ಟು ಬರ್ಲಿಲ್ಲ ಕಣ್ಲಾ" ಎಂದು ಅಳುತ್ತಲೇ ನಕ್ಕರು. "ಬಂಡೆ ತಾನೇ?" ಎಂದು ಕೇಳಿದರು. ನನ್ನ ತಪ್ಪು ಮುಚ್ಚಿಕೊಳ್ಳಲೋ, ಅವರ ಆ ನಗು ಆರದಿರಲೆಂದೋ, ನನಗೆ ಇವತ್ತಿಗೂ ತಿಳಿಯದು. "ಊಂ ಭಾವ, ಬಂಡೇನೇ. ನೀವೇ ನನ್ನ ಉಳಿಸಿದ್ರಿ" ಎಂದೆ.

ಅವರ ನಗು ನಿಂತಿತು. ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದರು. "ಅಂಗಾದ್ರೆ ಗಣಿ ಇಲ್ಲಿಗೂ ಬಂದೈತೆ" ಎಂದರು.

ಅಮ್ಮನ ಮನೆಯ ಹೊಸ್ತಿಲನ್ನು ಅವರು ದಾಟಲೇ ಇಲ್ಲ. ಅಂಗಳದಲ್ಲಿ ಮಂಚ ಹಾಕಿಸಿಕೊಂಡರು. ಮಳೆ ಬಂದರೂ ಗೋಣಿ ಹೊದ್ದು ಅಲ್ಲೇ. ಒಳಗೆ ಒಲೆ ಮುಂದೆ ಕೂತ ಅಮ್ಮನನ್ನು ದಿನಕ್ಕೆ ಹತ್ತು ಸಲ ಕೂಗಿ ಹೊರಗೆ ಕರೆಯುವರು. ಪಾಪದ ಮುದುಕಿ, ಹಿಟ್ಟಿನ ಕೈಯಲ್ಲೇ ಎದ್ದು ಬರುವಳು. ಒಂದು ತಿಂಗಳಾದ ಮೇಲೆ ಅಕ್ಕ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿಕೊಂಡು, ಅವತ್ತು ಕಾರಿನಲ್ಲಿ ಆಗಿದ್ದೇನು ಎಂದು ಕೇಳಿದಳು. ಎಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಓಗಿ ಅವ್ರಿಗೇ ಏಳು" ಎಂದಳು.

ಹೇಳಿದೆ. ಮುಂದಿನ ವಾರ ಬಂದು, ಮಂಚದ ಬಳಿ ನೆಲದ ಮೇಲೆ ಕೂತು ಹೆಡ್ಡು ತೇಯಿಸಿದ್ದು, ಸಾದಾ ಪೆಟ್ರೋಲು, ಮೆಕ್ಯಾನಿಕ್ಕಿನ ಮೇಲಿನ ನನ್ನ ಹಟ, ಒಂದೂ ಬಿಡದೆ ಹೇಳಿದೆ. ಕಾರಿಗೆ ಒಳ್ಳೆ ಪೆಟ್ರೋಲು ಹಾಕಿಸಿಕೊಂಡೇ ಬಂದಿದ್ದೆ. ಬನ್ನಿ ಭಾವ, ಅದೇ ಏರು ಹತ್ತಿಸಿ ತೋರಿಸುತ್ತೇನೆ, ಸದ್ದೇ ಬರುವುದಿಲ್ಲ ಎಂದು ಅವರ ಕೈ ಹಿಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ತಲೆ ಸವರಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಒಳ್ಳೇವ್ನು ಕಣೆ ನಿನ್ ತಮ್ಮ. ನಾನು ಎದರ್ಕೋಬಾರ್ದು ಅಂತ ಸುಳ್ ಏಳ್ತಾವ್ನೆ" ಎಂದರು.